ದಾಟುವ ಅಕ್ಷರ

ಏಳೋ ಎಂಟೋ, ಅಷ್ಟೇ ಪ್ರಶ್ನೆ.
ಹಿನ್ನೀರಿನಲ್ಲಿ ಮುಳುಗಿದ ಮನೆಯ ಮುಂದಿನ ಮೆಟ್ಟಿಲು.
ರಾಚಪ್ಪ ನೀಲಗಾರರು ಏಳು ಅನ್ನುತ್ತಾರೆ,
ಅವರ ಮನೆಯಾಕೆ ಗುರುಸಿದ್ದವ್ವ, ಎಂಟು.
ಬಾಗಲಕೋಟೆ ನವನಗರದ ಬಿಸಿಲಲ್ಲಿ ಆಟೋ ಮಾಡಿಕೊಂಡು ಬಂದು
ನನ್ನ ಟೇಬಲ್ಲಿನ ಮುಂದೆ ಕೂತಿದ್ದಾರೆ.
ಪಂದ್ಯ: ಒಂದು ಕಿಲೋ ಕರದಂಟು.

ಸರ್ವೆ ಕಾಲದ ಫೋಟೋ ಸರ್ವರಿನಲ್ಲಿದೆ,
ರಾಜಮಾ ಬಾಗವಾನ ಸ್ಕ್ಯಾನ್ ಮಾಡಿ ಇಟ್ಟದ್ದು.
ತೆರೆಯಹೋದರೆ ಒಂದೇ ಸಾಲು:
ಅನುಮತಿ ಇಲ್ಲ.
"ನಾನಽ ಇಟ್ಟೇನಿ, ನನಗಽ ಇಲ್ಲಂತದ!"

ನನಗಿಂತ ಮೊದಲಿದ್ದ ಹುಡುಗ ಆ ಫೈಲಿಗೆ
ಏಳು ಏಳು ಏಳು ಕೊಟ್ಟು ಹೋಗಿದ್ದಾನೆ.
ಯಾರಾದರೂ ಓದಲಿ, ಯಾರಾದರೂ ಬರೆಯಲಿ.
"ನೋಡ, ಅದೂ ಏಳಽ ಅಂತದ, ಮೂರು ಸಲ,"
ರಾಚಪ್ಪನವರು ಹೆಂಡತಿಯ ಕಡೆ ತಿರುಗಿದರು.

ಬಾಗಿಲು ಹಾರು ಹೊಡೆದಿದೆ. ಮತ್ತೆ ತಡೆಯುವುದು ಯಾವುದು?
ರೂಟ್ ಆಗಿ ಹೋದರೆ ಯಾರೂ ತಡೆಯುವುದಿಲ್ಲ,
ಅದಕ್ಕೇ ಏನೂ ಕಾಣುವುದಿಲ್ಲ.
ರಾಜಮಾಳ ಹೆಸರು ತೊಟ್ಟು ಹೊರಟೆ,
ಹಿಂದು ಹಿಂದಕ್ಕೆ:
ಫೋಟೋದಿಂದ ಮನೆಗೆ, ಇಲ್ಲ.
ಮನೆಯಿಂದ ಓಣಿಗೆ, ಇಲ್ಲ.
ಓಣಿಯಿಂದ ಪೇಟೆಗೆ.
(ಫೋಲ್ಡರುಗಳನ್ನು ಅವಳು ಊರು ಇದ್ದ ಹಾಗೇ
ಒಂದರೊಳಗೊಂದು ಜೋಡಿಸಿದ್ದಾಳೆ.)

ಪೇಟೆ ಹೆಸರು ಹೇಳಿತು.
ಬಣ್ಣಗಾರ ಓಣಿ, ಅತ್ತಾರ ಓಣಿ, ಬೋರಿಕಟ್ಟಿ.
ಪ್ರತಿ ಹೆಸರಿನ ಮಗ್ಗುಲಿಗೆ
ಯಾರದು: ?
ಎಷ್ಟು ದೊಡ್ಡದು: ?
ಕೊನೆಗೆ ಮುಟ್ಟಿದ್ದು ಯಾವ ದಿನ: ?

drwxr--r--
ಓದುವ ಅಕ್ಷರ ಇದೆ,
ದಾಟುವ ಅಕ್ಷರ ಬಿದ್ದುಹೋಗಿದೆ.
ಫೈಲಿಗೆ ಎಕ್ಸ್ ಅಂದರೆ ಓಡಿಸು;
ಫೋಲ್ಡರಿಗೆ ಹಾಗಲ್ಲ, ಹಾದು ಹೋಗು.
ಅಗಸಿಯಲ್ಲೇ ನಿಲ್ಲಿಸಿದ ಮೇಲೆ
ಒಳಗಿನ ಮನೆಗಳೆಲ್ಲ ತೆರೆದಿದ್ದೂ ಏನು ಬಂತು?

ಎಲ್ಲಕ್ಕೂ ಏಳು ಹೊಡೆದರೆ ಅರೆಗಳಿಗೆಯ ಕೆಲಸ.
ಹೊಡೆಯಲಿಲ್ಲ. ಪೇಟೆ ಒಂದಕ್ಕೇ, ಗುಂಪಿಗಷ್ಟೇ, ಒಂದು ಎಕ್ಸ್.
ಫೋಟೋದ ಏಳುಗಳನ್ನೂ ಇಳಿಸಿ ಆರು ನಾಲ್ಕು ಸೊನ್ನೆ ಮಾಡಿದೆ.
"ಏಳು ತಗದ್ರ್ಯಾ?" ರಾಚಪ್ಪನವರ ದನಿ ಸಣ್ಣಗಾಯಿತು.

ತೆರೆಯಿತು.
ಚೌಕಟ್ಟಿನ ಪಕ್ಕ ಸುಣ್ಣದಲ್ಲಿ ಬರೆದ ನಂಬರು,
ಗಳದ ಮೇಲೆ ಒಣಗುವ ನೂಲಿನ ಲಡಿ,
ಕೆಳಗಿನ ಮೆಟ್ಟಿಲ ಮೇಲೆ ಫೋಟೋ ಹಿಡಿದವನ ನೆರಳು.
ಪರದೆಗೆ ಬೆರಳು ಮುಟ್ಟಿಸಿ ಎಣಿಸಿದರು,
ಉಗುರಿನ ಸಂದಿಯಲ್ಲಿ ಇನ್ನೂ ನೀಲಿ.
ಏಳು.

"ಗಟಾರದ ಮ್ಯಾಲಿನ ಕಲ್ಲ ಎಣಸ್ರಿ."
"ಅದು ಮೆಟ್ಟಲ ಅಲ್ಲ, ಹಾಸಗಲ್ಲ."
"ಅದರ ಮ್ಯಾಲ ಕಾಲಿಡಲಾರದಽ
ನೀವು ಮನಿ ಒಳಗ ಹ್ಯಾಂಗ ಬರತಿದ್ರಿ?"

ರಾಚಪ್ಪನವರು ಪರದೆ ನೋಡಿದರು,
ತುಸು ಹೊತ್ತು ನನ್ನನ್ನು ನೋಡಿದರು.
ನಾನು ಕೆಲಸದ ವಹಿಯಲ್ಲಿ ಬರೆದೆ:
ದೋಷ, ಮೂರು ಹಂತ ಮೇಲೆ. ಪೇಟೆ, ಗುಂಪಿಗೆ ಎಕ್ಸ್.
ರಾಜಮಾ ಬಗ್ಗಿ ಓದಿ, ಪೆನ್ನು ಕಸಿದು, ಕೆಳಗೆ ಸೇರಿಸಿದಳು:
ಮೆಟ್ಟಿಲು, ಎಂಟು.

ಕರದಂಟು ಇನ್ನೂ ಬಂದಿಲ್ಲ.