ಆರು ಮಡಿಕೆ

ನಮ್ಮೂರಲ್ಲಿ ಹಾರಿಸುವ ಹಾಗಿಲ್ಲ.
ಮನೆ ಕೋಡಿಬಾಗದಲ್ಲಿ; ಅತ್ತ ನೌಕಾನೆಲೆ, ಅದರ ಪಾಲಿನ ಆಕಾಶ.
ಹಾಗಾಗಿ ನನ್ನ ಡ್ರೋನು ಸ್ವಂತ ಊರೊಂದನ್ನು ಬಿಟ್ಟು
ಉಳಿದೆಲ್ಲ ಊರುಗಳ ನೆತ್ತಿ ಕಂಡಿದೆ.

ಇವತ್ತು ಸಾಣಿಕಟ್ಟಾ.
ಮಾರ್ಚ್ ತಿಂಗಳು, ಹನ್ನೊಂದೂವರೆ ಗಂಟೆ.
ಉಪ್ಪಿನ ಮಡಿಗಳ ಮೇಲೆ ಕಣ್ಣು ಊರಲಾಗದ ಬಿಳಿ.
ಸ್ಕೂಟರಿನ ಸೀಟಿನ ಮೇಲೆ ಡಬ್ಬಿ ಬಿಚ್ಚಿದೆ:
ಉಗುರಗಲದ ಕಪ್ಪು ಗಾಜುಗಳು,
ನಾಲ್ಕು, ಎಂಟು, ಹದಿನಾರು, ಮೂವತ್ತೆರಡು, ಅರವತ್ನಾಲ್ಕು.
ಎರಡರದು ಹೋದ ವರ್ಷ ಅಘನಾಶಿನಿಗೆ ಬಿತ್ತು,
ಬಳಚಿನ ಚಿಪ್ಪುಗಳ ನಡುವೆ ಈಗ ಅದೂ ಒಂದು ಚಿಪ್ಪು.

ವಿದ್ಯೆಗಳೂ ಅರವತ್ನಾಲ್ಕಕ್ಕೇ ಮುಗಿಯುತ್ತವಂತೆ.
ನಾನು ಕಲಿಯಲು ಹೊರಟಿದ್ದು ಅರವತ್ತೈದನೆಯದು,
ಎಷ್ಟು ಬೆಳಕಿಗೆ ಬೇಡ ಅನ್ನಬೇಕು ಎಂಬುದು.
ಪೂರ್ತಿ ಬಂದಿಲ್ಲ.

"ಎಂತದಾ ತಮಾ ಅದು, ಟಿಕ್ಲಿ ಡಬ್ಬಿಯಾ?"
ಬೀರಮ್ಮ ಆಗೇರ, ಉಪ್ಪು ಎಳೆಯುವ ಹಲಗೆ ಊರಿ ನಿಂತಿದ್ದಳು.
ಕ್ಯಾಮರಾಕ್ಕೆ ಕೂಲಿಂಗ್ ಗ್ಲಾಸು ಅಂದೆ.
ಅಷ್ಟಕ್ಕೇ ನಿಲ್ಲಿಸಬಹುದಿತ್ತು.
ಸೆಕೆಂಡಿಗೆ ಇಪ್ಪತ್ತೈದು ಚಿತ್ರ,
ಒಂದೊಂದಕ್ಕೂ ರೆಪ್ಪೆ ತೆರೆದಿರಬೇಕು
ಸೆಕೆಂಡಿನ ಐವತ್ತರಲ್ಲೊಂದು ಪಾಲು.
ಈ ಬಿಸಿಲಿಗೆ ಯಂತ್ರ ಬೆದರಿ
ಮೂರು ಸಾವಿರದ ಇನ್ನೂರರಲ್ಲೊಂದು ಪಾಲಿಗೇ ಮುಚ್ಚಿಬಿಡುತ್ತದೆ.
ಆಗ ನೀರು ಹರಿಯುವುದಿಲ್ಲ, ಕುಪ್ಪಳಿಸುತ್ತದೆ.
ನೀನು ಹಲಗೆ ಎಳೆದರೆ
ಕೈ ಇಲ್ಲಿ, ಕೈ ಅಲ್ಲಿ,
ನಡುವಿನ ಎಳೆತ ಮಾತ್ರ ಎಲ್ಲೂ ಇರುವುದಿಲ್ಲ.
ಗಾಜು ಹಾಕಿದರೆ ಚಲಿಸಿದ್ದೆಲ್ಲ ತುಸು ಕಲಸುತ್ತದೆ,
ಆ ಕಲಸುವಿಕೆಯಿಂದಲೇ ನಿಜ ಅನ್ನಿಸುವುದು.

ಎಷ್ಟು ಕೇಳಿಸಿಕೊಂಡಳೋ.
ತಲೆಗೆ ಸುತ್ತಿದ್ದ ಹಳೇ ಸೀರೆಯ ತುಂಡು ಬಿಚ್ಚಿ
ಕಣ್ಣಿಗೆ ಅಡ್ಡ ಹಿಡಿದಳು, ಮಡಚಿದಳು, ಮತ್ತೆ ಮಡಚಿದಳು.
"ಬೆಳಿಗ್ಗೆ ಎರಡು ಮಡಿ ಸಾಕು. ಈಗ ನಾಲ್ಕು ಬೇಕು.
ನಿನ್ನ ಅರವತ್ನಾಲ್ಕಕ್ಕೆ ಎಷ್ಟು ಸಲ ಮಡಚೂದು?"
ಬೆರಳು ಎಣಿಸಿದೆ. ಆರು.

"ಅಷ್ಟೆಲ್ಲ ಬೇಡ," ಅಂದಳು ಪಡುವಣಕ್ಕೆ ಮುಖ ಮಾಡಿ.
"ಗಾಳಿ ತಿರುಗ್ತು. ಹನ್ನೆರಡಕ್ಕೆ ಮೋಡ ಬತ್ತದೆ."
ಮೇಲೆ ಹೋದ ಮೇಲೆ ಗಾಜು ಬದಲಿಸಲಾಗದು,
ಹಾರುವ ಮೊದಲೇ ಬರಲಿರುವ ಬೆಳಕನ್ನು ಊಹಿಸಬೇಕು;
ನಲವತ್ತು ವರ್ಷ ಇದೇ ಆಕಾಶದ ಕೆಳಗೆ ಬಗ್ಗಿದವಳ ಮಾತು
ನನ್ನ ಫೋನಿನ ಹವಾಮಾನಕ್ಕಿಂತ ಮೇಲು ಅಂದುಕೊಂಡು
ಹದಿನಾರರದು ಹಾಕಿದೆ.

ಮೋಡ ಬರಲಿಲ್ಲ.
ಬೇಕಾದ್ದಕ್ಕಿಂತ ಎರಡು ಮಡಿಕೆ ಕಮ್ಮಿ.
ಪರದೆ ತುಂಬ ಸುಣ್ಣ ಎರಚಿದ ಹಾಗೆ,
ಹರಳಿಲ್ಲ, ಬದುವಿಲ್ಲ, ನೀರಿಲ್ಲ,
ಬಗ್ಗಿದ ಹೆಂಗಸರು ಮಾತ್ರ ಕರಿ ಅಲ್ಪವಿರಾಮಗಳು.

ಕೇಳಿದರೆ ನಕ್ಕಳು.
"ನಾವು ಹೇಳ್ದಾಗೆಲ್ಲ ಮೋಡ ಬಂದಿದ್ರೆ
ಉಪ್ಪು ಎಲ್ಲಿಂದ ಆಗ್ತಿತ್ತು?"
ಆಗ ತಿಳಿಯಿತು, ದಿನಾ ಹನ್ನೊಂದೂವರೆಗೆ
ಇಲ್ಲಿ ಯಾರಾದರೊಬ್ಬರು ಈ ಮಾತು ಆಡುತ್ತಾರೆ,
ಯಾರೂ ನಂಬುವುದಿಲ್ಲ. ಹೊಸಬ ನಾನು ನಂಬಿದೆ.

ಬ್ಯಾಟರಿ ಬದಲಿಸಿ, ಅರವತ್ನಾಲ್ಕು ಹಾಕಿ ಎರಡನೇ ಸಲ.
ಈಗ ಎಲ್ಲ ಇತ್ತು: ಹರಳಿನ ಅಂಚು, ಬದುವಿನ ಬಿರುಕು,
ಹಲಗೆಯ ಮುಂದೆ ಮೆಲ್ಲಗೆ ಸುಕ್ಕಾಗುವ ನೀರು.

ಎರಡನ್ನೂ ತೋರಿಸಿದೆ.
ಕುಮಟೆಯ ಶಿಬಿರದಲ್ಲಿ ಆಪರೇಶನ್ ಆದ ಬಲಗಣ್ಣು ಮುಚ್ಚಿ
ಇನ್ನೂ ಸರದಿ ಬಾರದ ಎಡಗಣ್ಣಲ್ಲಿ ನೋಡಿದಳು.
ಅರವತ್ನಾಲ್ಕರದಕ್ಕೆ, "ಚೆಂದ ಅದೆ. ಕ್ಯಾಲೆಂಡರಿನ ಹಂಗೆ."
ಸುಟ್ಟ ಬಿಳಿಯದಕ್ಕೆ ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ.
"ಇದು ಹೌದು," ಅಂದಳು.
"ಮಧ್ಯಾಹ್ನ ನಂಗೆ ಹಿಂಗೇ ಕಾಣೂದು."
ಹಲಗೆ ಎತ್ತಿಕೊಂಡು ಹೋದಳು.

ಸಂಘದವರಿಗೆ ಚೆಂದದ್ದನ್ನು ಕಳಿಸಿದೆ, ದುಡ್ಡು ಬರುತ್ತದೆ.
ಇನ್ನೊಂದನ್ನು ಅಳಿಸಲು ಬೆರಳು ಹೋಯಿತು, ಬಂತು.

ಗಂಗಾವಳಿಯ ಸೇತುವೆ ಮೇಲೆ, ಎರಡೂವರೆಗೆ,
ಮೋಡ ಬಂತು.