ನಾಲ್ಕನೆಯ ಕಡೆ

ಮುಟ್ಟಿ ನೋಡಿ, ಮುಟ್ಟಿದ್ದಕ್ಕೆ ದುಡ್ಡಿಲ್ಲ.
ಕಾಲು ಮೇಪಲ್, ಮೇಲ್ಹಲಗೆ ಪೈನ್.
ಮಾಡಿದವನ ಹೆಸರು ಗೊತ್ತಿಲ್ಲ;
ಗೊತ್ತಿದ್ದರೆ ಬೆಲೆಗೆ ಇನ್ನೊಂದು ಸೊನ್ನೆ ಅಂಟುತ್ತಿತ್ತು.

ದುಂಡು ಮೇಜು ಅಂದಿರಾ? ಟೇಪು ಹಿಡಿಯಿರಿ.
ಉದ್ದಕ್ಕೆ ಮೂವತ್ತಾರು ಅಂಗುಲ,
ಅಡ್ಡಕ್ಕೆ ಮೂವತ್ತೈದೂ ಕಾಲು.
ಮರ ತನ್ನ ಎಳೆಯ ಗುಂಟ ಕುಗ್ಗುವುದಿಲ್ಲ,
ಅಡ್ಡಕ್ಕೆ ಕುಗ್ಗುತ್ತದೆ, ವರ್ಮಾಂಟಿನ
ಇನ್ನೂರು ಚಳಿಗಾಲ, ಇನ್ನೂರು ಒಲೆ.
ಪಕ್ಕಾ ದುಂಡಗಿರುವುದನ್ನು ಯಾರಾದರೂ ತೋರಿಸಿದರೆ
ಟೋಪಿ ಎತ್ತಿ ನಮಸ್ಕಾರ ಹೇಳಿ ಬಂದುಬಿಡಿ.

ಈಗ ಬಗ್ಗಿ. ಮಂಡಿ ನೋವಿದ್ದರೆ ಬೇಡ, ನಾನೇ ಹೇಳುತ್ತೇನೆ:
ಅಡಿಯಲ್ಲೆಲ್ಲ ಕೀಸುಳಿ ಎಳೆದ ಉಬ್ಬುತಗ್ಗು,
ನೀರಿನ ಮೇಲೆ ಗಾಳಿ ಹಾದು ಹೋದ ಹಾಗೆ.
ಕಾಣದ ಕಡೆಗೆ ಅವನು ಬೆವರು ಸುರಿಸಲಿಲ್ಲ. ಜಾಣ.

ಆ ಕಪ್ಪು ಕಲೆ ಶಾಯಿಯಂತೆ,
ಯಾರೋ ಉಯಿಲಿಗೆ ಸಹಿ ಹಾಕುವಾಗ ಕೈ ನಡುಗಿತಂತೆ.
ಮಾರಿದ ಆರ್ಡಿತ್ ಲವಾಲಿ ಆಣೆ ಇಟ್ಟು ಹೇಳಿದಳು.
ನನ್ನ ಕಣ್ಣಿಗೆ ಅದು ಬ್ಲೂಬೆರಿ.

ಕಾಲುಗಳ ನಡುವೆ ನಾಲ್ಕು ಅಡ್ಡಪಟ್ಟಿ.
ಮೂರು, ಬೂಟು ಇಟ್ಟೂ ಇಟ್ಟೂ
ದೋಣಿಯ ಹೊಟ್ಟೆಯಂತೆ ತಗ್ಗಿವೆ.
ನಾಲ್ಕನೆಯದರ ಅಂಚು, ನನ್ನ ಕೈಗೆ ಬಂದಾಗ,
ಮೊನ್ನೆ ಕೆತ್ತಿದಷ್ಟು ಚೂಪು.
ಬಾಸ್ಟನ್ನಿನಿಂದ ಬಂದಿದ್ದ ಹುಡುಗಿಯೊಬ್ಬಳು
ಅದನ್ನು ಸವರಿ ಕಣ್ಣು ಒದ್ದೆ ಮಾಡಿಕೊಂಡಳು:
‘ಯಾರಿಗೆಂದು ಆ ಜಾಗ ಖಾಲಿ ಬಿಟ್ಟಿದ್ದರೋ!’
ತಾಯೀ, ಆ ಕಡೆ ಗೋಡೆ ಇತ್ತು.
ಗೋಡೆಗೆ ಬೂಟಿಲ್ಲ.
ಅವಳು ಕೊಳ್ಳಲಿಲ್ಲ.

ಅದಾಗಿ ಹನ್ನೊಂದು ವರ್ಷ.
ಹಿಮ ಬಿದ್ದ ದಿನ ಈ ಕೊಟ್ಟಿಗೆಗೆ ಗಿರಾಕಿ ಬರುವುದಿಲ್ಲ.
ಬೀನ್ಸಿನ ಡಬ್ಬಿ ಬಿಸಿಮಾಡಿಕೊಂಡು,
ಯಾವ ರಸ್ತೆ ಮುಚ್ಚಿದೆ ಎಂದು ರೇಡಿಯೋ ಹೇಳುವುದನ್ನು ಕೇಳುತ್ತ
ಇಲ್ಲೇ ಕೂರುತ್ತೇನೆ, ಬಾಗಿಲಿಗೆ ಮುಖ ಮಾಡಿ.
ಇಲ್ಲಿಂದ ಮಾತ್ರ ಬಾಗಿಲು ಕಾಣುತ್ತದೆ.

ಬೆರಳಿಡಿ. ಪಟ್ಟಿಯ ನಡುವೆ. ಇನ್ನೂ ಎಡಕ್ಕೆ. ಹಾಂ,
ಅಲ್ಲಿ ತುಸು ನುಣುಪು ಹತ್ತುತ್ತದೆ ಅಲ್ಲವೆ?
ಅದನ್ನು ಹಳೆಯದೆಂದು ಮಾರಲಾರೆ.
ಚೀಟಿಯಲ್ಲೂ ಬರೆದಿದ್ದೇನೆ, ಕೊನೆಯ ಸಾಲು,
ಕನ್ನಡಕ ಹಾಕಿಕೊಂಡು ಓದಿ:
ಒಂದು ಕಡೆಯ ಸವೆತ ಈಚಿನದು,
ಓರಿನ್ ಸ್ಟೆಬಿನ್ಸನ ಎಡಗಾಲಿನದು.
ಅದರ ಬಾಬ್ತು ಇಪ್ಪತ್ತು ಡಾಲರು ಕಡಿತ.