ಒಂದನೇ ನಂಬರಿನ ಗೂಟ

ಮಂಗಳವಾರ ಸಿನ್ಸಿನಾಟಿಯೆಲ್ಲ ಕಿವಿಗೊಟ್ಟು ಕೇಳಿದ್ದನ್ನು
ನಾನು ಹತ್ತೊಂಬತ್ತು ಚಳಿಗಾಲ
ಕಣ್ಣಾರೆ ಕಂಡಿದ್ದೇನೆ.
ಸದ್ದಿರಲಿಲ್ಲ, ಅಷ್ಟೆ.

ಒಂಟೆ ಉಣ್ಣೆಯ ಕೋಟು ಅವನದು, ಹಳೇ ಬೆಲ್ಲದ ಬಣ್ಣ.
ನಾನು ಕೈ ಚಾಚಿ ನಿಂತಿರುತ್ತೇನೆ.
ಅವನು ಕಟ್ಟೆಯ ಮೇಲೆ ಬಿಡುತ್ತಾನೆ.
ಹೋಗುವಾಗ ಹಿತ್ತಾಳೆ ಬಿಲ್ಲೆ,
ಅದೂ ಕಟ್ಟೆಗೇ. ಠಣ್.
ಮೇಲೊಂದು ಐದು ಡಾಲರಿನ ನೋಟು
(ಜುಗ್ಗನಲ್ಲ, ಸುಳ್ಳೇಕೆ ಹೇಳಲಿ)
ಬೆರಳ ತುದಿಯಿಂದ ಇತ್ತ ತಳ್ಳಿದ್ದು.
ಇಷ್ಟು ವರ್ಷವಾಗಿ ಆ ಮನುಷ್ಯನ ಕೈ
ಬೆಚ್ಚಗಿದೆಯೋ ತಣ್ಣಗಿದೆಯೋ ನನಗೆ ಗೊತ್ತಿಲ್ಲ.

ಶನಿವಾರದ ಪಾಳಿಯ ಮೌರೀನಳಿಗೆ ಗೊತ್ತು.
ಅವಳಿಗೆ ಕೈಗೇ ಕೊಡುತ್ತಾನೆ,
ಮೊಣಕಾಲು ನೋವು ಹೇಗಿದೆ ಎಂದು ಕೇಳುತ್ತಾನೆ.
ನನಗೂ ಇದೆ ಮೊಣಕಾಲು, ಎರಡು.

ಆಮೇಲೆ ಹೊರಬಿತ್ತು ಫೋನಿನಲ್ಲಿ ಹಿಡಿದಿಟ್ಟ ಆ ಮಾತು:
ಹೊಸ ಬಾಗಿಲಿಗೆ ಅಮೃತಶಿಲೆ ಹಾಸುವ ಲೆಕ್ಕದ ನಡುವೆ,
ಕೆಮ್ಮಿಕೊಂಡು, ಯಾವ ಸಿಟ್ಟೂ ಇಲ್ಲದೆ,
'ಆ ಮುಖಗಳು ಅಂಕಣದಲ್ಲಿರಲಿ ಸಾಕು,
ಬಾಗಿಲಲ್ಲಿ ಬೇಡ.'
ವೆಂಡೆಲ್ ಕ್ರೌಸ್, ತಂಡದ ಒಡೆಯ.

ಊರು ಹೊತ್ತಿಕೊಂಡಿತು.
ಬಿಯರಿನವರು ತಮ್ಮ ಹಲಗೆ ಇಳಿಸಿದರು,
ಬ್ಯಾಂಕಿನವರು ಛಾವಣಿಯಿಂದ ಹೆಸರನ್ನೇ ಕಿತ್ತುಕೊಂಡರು.
ಮೇಯರು ಬೆವರಿದರು. ಪಾದ್ರಿ ಅತ್ತರು.
ದಿನಕ್ಕೆರಡು ಸಲ ನನ್ನ ಕಟ್ಟೆ ದಾಟಿ ಹೋಗುವ ಮ್ಯಾನೇಜರು
ಟಿವಿಯಲ್ಲಿ ಎದೆ ಮುಟ್ಟಿಕೊಂಡು ಹೇಳಿದ,
'ನಮಗೆ ಗೊತ್ತೇ ಇರಲಿಲ್ಲ.'

ಮೈಕು ಹಿಡಿದ ಹುಡುಗಿ ನನ್ನ ಬಳಿಗೂ ಬಂದಳು.
ಒಳ್ಳೆಯ ಹುಡುಗಿ, ಕಣ್ಣು ಕೆಂಪಾಗಿತ್ತು.
'ಅರ್ನೆಟಾ ಅವರೇ, ನಿಮಗೆ ಆಘಾತವಾಯಿತೆ?'
'ಯಾವ ದಿನ?' ಎಂದೆ.
ಅದನ್ನು ಅವರು ಹಾಕಲಿಲ್ಲ.

ಮನೆಗೆ ಬಂದರೆ ಹಿತ್ತಲಲ್ಲಿ ಹೊಗೆ.
ಮೊಮ್ಮಗ ಕ್ವಿನ್ಸಿ ತಂಡದ ಅಂಗಿ ಸುಡುತ್ತಿದ್ದ,
ಬೆನ್ನ ಮೇಲಿನ ಹನ್ನೊಂದು ಕರಗಿ ತೊಟ್ಟಿಕ್ಕುತ್ತಿತ್ತು.
ಹುಟ್ಟುಹಬ್ಬಕ್ಕೆ ನಾನೇ ಕೊಡಿಸಿದ್ದು,
ಕೂಡಿಸಿಟ್ಟ ಐದರ ನೋಟುಗಳಲ್ಲಿ. ಯಾರ ಐದು
ಎಂದು ಹುಡುಗನಿಗೆ ಹೇಳಿರಲಿಲ್ಲ.
ಈಗಲೂ ಹೇಳಲಿಲ್ಲ.
ಪಕ್ಕದಲ್ಲಿ ನಿಂತು ಮೈ ಕಾಯಿಸಿಕೊಂಡೆ.

ಗುರುವಾರ ಆಟ. ನನ್ನ ಕಟ್ಟೆಯಿಂದ
ಬಾಗಿಲ ಸಂದಿಯಲ್ಲಿ ಅಂಕಣದ ಒಂದು ಚೂರು ಕಾಣುತ್ತದೆ.
ತೀರ್ಪುಗಾರ ಚೆಂಡನ್ನು ಮೇಲಕ್ಕೆಸೆದ.
ಎರಡೂ ಕಡೆಯ ಎತ್ತರದ ಹುಡುಗರು
ಕೈ ಕಟ್ಟಿ ನಿಂತರು. ಚೆಂಡು ಬಿತ್ತು,
ಪುಟಿಯಿತು, ಮತ್ತೆ ಪುಟಿಯಿತು,
ಪ್ರತಿ ಸಲವೂ ಒಂದಿಷ್ಟು ಗಿಡ್ಡಗೆ.
ಹದಿನಾಲ್ಕು ಸಾವಿರ ಜನ ಉಸಿರು ಬಿಗಿಹಿಡಿದು ಕೇಳಿದರು
ಯಾರೂ ಮುಟ್ಟದ ವಸ್ತುವಿನ ಸದ್ದು.
ಉರುಳಿ ಉರುಳಿ ಗೆರೆಯ ಹತ್ತಿರ ನಿಂತಿತು.
ನನಗಾಗ ಅಳು ಬಂತು, ನಾಚಿಕೆಯಿಲ್ಲದೆ ಹೇಳುತ್ತೇನೆ.

ಆಟ ರದ್ದು. ಎಲ್ಲರೂ ಒಮ್ಮೆಲೇ ಕೋಟಿಗೆ ಬಂದರು,
ಇಪ್ಪತ್ತು ನಿಮಿಷದಲ್ಲಿ ಗೂಟಗಳೆಲ್ಲ ಖಾಲಿ.
ನಮ್ಮ ಸಂಬಳದಲ್ಲಿ ನಾಲ್ಕು ಗಂಟೆ ಕಡಿತ.
ಸಿಟ್ಟಿಗೂ ಬೆಲೆಯಿದೆಯಲ್ಲ,
ಯಾರಾದರೂ ತೆರಬೇಕು.

ಒಂದನೇ ನಂಬರು ಮಾತ್ರ ತುಂಬಿತ್ತು.
ಹಿಂಬಾಗಿಲಿಂದ ಓಡಿಸಿಕೊಂಡು ಹೋಗಿದ್ದರಂತೆ ಅವನನ್ನು,
ಬರೀ ಅಂಗಿಯಲ್ಲಿ, ಹಿಮದಲ್ಲಿ.

ವಾರದ ಮೇಲೆ ಡ್ರೈವರು ಬಂದ. ಕೆಂಟಕಿ ಕಡೆಯ ಹುಡುಗ,
ಹೊಳೆಯಾಚೆಯವನು, ಟೋಪಿ ತೆಗೆದು ಮಾತಾಡುವವನು.
'ಸಾಹೇಬರ ಕೋಟು, ಅಮ್ಮಾ.'
'ಬಿಲ್ಲೆ?'
ಅವನ ಹತ್ತಿರ ಇರಲಿಲ್ಲ.
ಗೋಡೆ ತೋರಿಸಿದೆ. ಅಲ್ಲಿ ಚೌಕಟ್ಟು ಹಾಕಿದ ಕಾಗದ:
ಬಿಲ್ಲೆಯಿಲ್ಲದೆ ಯಾರ ಕೋಟನ್ನೂ ಕೊಡತಕ್ಕದ್ದಲ್ಲ.
ಕೆಳಗೆ ಒಡೆಯನ ರುಜು, ಬಾಲ ಎಳೆದ ಕ್ರೌಸ್.
ಹುಡುಗ ಓದಿದ. ನಗು ತಡೆಯಲು ಮೀಸೆ ಕಚ್ಚಿಕೊಂಡ.

'ತಾವೇ ಬರಲಿ' ಎಂದೆ.
'ಬಿಲ್ಲೆ ಇಲ್ಲಿ ಕೊಡಲಿ'
ಎಂದು ಅಂಗೈ ಬಿಚ್ಚಿ ತೋರಿಸಿದೆ.

ಈಗ ಏಪ್ರಿಲ್.
ತಂಡಕ್ಕೆ ಹೊಸ ಒಡೆಯ ಬರುತ್ತಾನಂತೆ, ಒಳ್ಳೆಯವನಂತೆ.
ಕೋಟು ಅಲ್ಲೇ ತೂಗುತ್ತಿದೆ.
ದಿನಕ್ಕೊಮ್ಮೆ ಧೂಳು ಕೊಡವುತ್ತೇನೆ,
ಕೆಲಸ ಕೆಲಸವೇ.